ಮಗುವಿಗೆ ಕ್ಯಾನ್ಸರ್ ಎಂದಾಗ: ಹಳ್ಳಿಯ ಮನೆಯವರಿಗೊಂದು ದಾರಿ

ನನ್ನ ತಂಗಿಯ ಮನೆಯ ಅಡುಗೆಕೋಣೆಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಅಮಾವಾಸ್ಯೆ, ಏಕಾದಶಿ, ಸಂಕಷ್ಟಿಗಳ ಗುರುತಿನ ನಡುವೆ ಪ್ರತಿ ಸೋಮವಾರಕ್ಕೂ ಕೆಂಪು ಪೆನ್ನಿನ ಸುತ್ತು. ಸೋಮವಾರವೆಂದರೆ ಅವಳ ಮಗನಿಗೆ ವಾರದ ಮಾತ್ರೆ ಕೊಡುವ ದಿನ. ಮಾತ್ರೆ ನುಂಗಿಸಿದ ಮೇಲೆ ಆ ಸುತ್ತಿನೊಳಗೆ ಒಂದು ಅಡ್ಡಗೆರೆ ಎಳೆಯುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟವಳು. ರಕ್ತ ಕ್ಯಾನ್ಸರಿನ ಎರಡೂವರೆ ವರ್ಷದ ಚಿಕಿತ್ಸೆಯಲ್ಲಿ ಅವಳ ಕೈಯಲ್ಲಿ ಒಂದು ಸೋಮವಾರವೂ ತಪ್ಪಲಿಲ್ಲ. ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ.

ಸೋದರಮಾವನಾಗಿ ಆ ಓಡಾಟದಲ್ಲೆಲ್ಲ ನಾನಿದ್ದೆ. ಅದೇ ವಾರ್ಡಿನಲ್ಲಿ ನಮ್ಮ ಹುಡುಗನಿಗಿಂತ ಬೇಗ ಚೇತರಿಸಿಕೊಂಡ ಮಕ್ಕಳು ಎರಡನೇ ತಿಂಗಳಿಗೆ ಊರಿಗೆ ಹೋದವರು ತಿರುಗಿ ಬರಲೇ ಇಲ್ಲ. ಬಿತ್ತನೆ ಬಂದಿತ್ತು, ಸಾಲ ಹುಟ್ಟಲಿಲ್ಲ, ‘ಮಗು ಆಡಿಕೊಂಡಿದೆಯಲ್ಲ, ಇನ್ನೇಕೆ ಸೂಜಿ ಚುಚ್ಚಿಸುತ್ತೀರಿ’ ಎಂದು ಮನೆಯ ಹಿರಿಯರೊಬ್ಬರು ಹೇಳಿದ್ದರು. ಮಕ್ಕಳ ಕ್ಯಾನ್ಸರ್ ದೊಡ್ಡವರ ಕ್ಯಾನ್ಸರಿನಂತಲ್ಲ, ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ. ಶ್ರೀಮಂತ ದೇಶಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ನಮ್ಮಲ್ಲಿ ಅಷ್ಟು ಮಕ್ಕಳು ಉಳಿಯದಿರಲು ಎರಡು ದೊಡ್ಡ ಕಾರಣಗಳೆಂದರೆ ತಡವಾಗಿ ಆಸ್ಪತ್ರೆ ಸೇರುವುದು ಮತ್ತು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಮುಂದೆ ಬರೆದಿರುವುದೆಲ್ಲ ಆ ಎರಡನ್ನು ತಪ್ಪಿಸುವ ಬಗ್ಗೆ. ಔಷಧದ ವಿಚಾರದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ಉಳಿದದ್ದಕ್ಕೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತು.

ಅನುಮಾನ ಬಂದ ದಿನ

ಎರಡು ವಾರ ದಾಟಿದರೂ ಬಿಡದ ಜ್ವರ. ಬಿಳಿಚಿಕೊಂಡ ಮುಖ. ಪೆಟ್ಟು ಬೀಳದೆಯೂ ಮೈಮೇಲೆ ನೀಲಿ ಕಲೆ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ. ರಾತ್ರಿ ಎಬ್ಬಿಸುವಂಥ ಮೂಳೆ ನೋವು, ಇದ್ದಕ್ಕಿದ್ದಂತೆ ಕುಂಟುವುದು. ಹೊಟ್ಟೆಯಲ್ಲಿ, ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಡ್ಡೆ. ಬೆಳಗ್ಗೆ ಎದ್ದೊಡನೆ ತಲೆನೋವು ಮತ್ತು ವಾಂತಿ, ನಡಿಗೆಯಲ್ಲಿ ತೂರಾಟ. ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು, ಹೊಸದಾಗಿ ಬಂದ ಮಾಲುಗಣ್ಣು. ಈ ಬಿಳಿ ಹೊಳಪು ಎಷ್ಟೋ ಸಲ ಮೊದಲು ಕಾಣುವುದು ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ. ಇವುಗಳಲ್ಲಿ ಯಾವುದಿದ್ದರೂ ಕ್ಯಾನ್ಸರೇ ಎಂದು ತಿಳಿಯಬೇಕಿಲ್ಲ. ಹೆಚ್ಚಿನ ಮಕ್ಕಳಿಗೆ ಬೇರೇನೋ ಆಗಿರುತ್ತದೆ. ಆದರೆ ಪರೀಕ್ಷೆ ಮಾಡಿಸದೆ ಬಿಡುವಂತಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತಕಣಗಳ ಪೂರ್ಣ ಎಣಿಕೆ, ಅಂದರೆ ಸಿಬಿಸಿ, ಮಾಡುತ್ತಾರೆ. ಜೊತೆಗೆ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಕೇಳಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ಬರುವ ಮಕ್ಕಳ ಆರೋಗ್ಯ ತಪಾಸಣಾ ತಂಡವೂ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡಬಲ್ಲದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು.

ಈ ಹಂತದಲ್ಲಿ ಮಾಡಬಾರದ ನಾಲ್ಕು ಕೆಲಸಗಳಿವೆ. ಕಾರಣ ಗೊತ್ತಾಗದ ಜ್ವರಕ್ಕೋ ಕೀಲುನೋವಿಗೋ ಸ್ಟಿರಾಯ್ಡ್ ಹಾಕಿಸಿಕೊಳ್ಳಬೇಡಿ. ನಮ್ಮ ಹುಡುಗನಿಗೆ ಮೊಣಕಾಲು ನೋವೆಂದು ಪೇಟೆಯ ಖಾಸಗಿ ವೈದ್ಯರೊಬ್ಬರು ಅದನ್ನೇ ಕೊಟ್ಟರು. ಹತ್ತು ದಿನ ಹುಡುಗ ಜಿಂಕೆಯಂತೆ ಓಡಿದ, ನಾವು ಅವರಿಗೆ ಕೈಮುಗಿದೆವು. ಸ್ಟಿರಾಯ್ಡ್ ರಕ್ತ ಕ್ಯಾನ್ಸರಿಗೂ ಔಷಧವೇ ಆದ್ದರಿಂದ ಕಾಯಿಲೆ ಕೆಲವು ದಿನ ಅಡಗಿ ಕೂರುತ್ತದೆ, ಆಮೇಲೆ ಮಾಡುವ ಪರೀಕ್ಷೆ ದಾರಿ ತಪ್ಪುತ್ತದೆ. ಎರಡನೆಯದು, ಕುತ್ತಿಗೆಯ ಗಡ್ಡೆಗೆ ಚೂರು ತೆಗೆದು ಪರೀಕ್ಷಿಸದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದು. ಮೂರನೆಯದು, ಹೊಟ್ಟೆಯ ಗಡ್ಡೆಗೆ ಎಣ್ಣೆ ಹಾಕಿ ತಿಕ್ಕುವುದು. ಮೂತ್ರಪಿಂಡದ ಗಡ್ಡೆಯಾಗಿದ್ದರೆ ಒತ್ತಿದಾಗ ಒಡೆಯಬಹುದು. ನಾಲ್ಕನೆಯದು, ಬರೆ ಹಾಕಿಸುವುದು.

ಯಾವ ಆಸ್ಪತ್ರೆ

‘ದೊಡ್ಡ ಆಸ್ಪತ್ರೆ’ ಹುಡುಕುವ ಮುಂಚೆ ಮಕ್ಕಳ ಕ್ಯಾನ್ಸರಿಗೆಂದೇ ವೈದ್ಯರು, ವಾರ್ಡು ಇರುವ ಆಸ್ಪತ್ರೆಯನ್ನು ಹುಡುಕಿ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರದ್ದು, ಮಕ್ಕಳ ವಿಭಾಗವಿದೆ, ಹೊರ ಊರಿನವರಿಗೆ ಧರ್ಮಶಾಲೆಯೂ ಇದೆ. ಸೇಂಟ್ ಜಾನ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲೂ ಮಕ್ಕಳ ಕ್ಯಾನ್ಸರ್ ನೋಡುತ್ತಾರೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇವೆ. ಮಕ್ಕಳ ಯಾವ ಚಿಕಿತ್ಸೆ ಅಲ್ಲಿ ಆಗುತ್ತದೆ, ಯಾವುದಕ್ಕೆ ಬೆಂಗಳೂರಿಗೆ ಬರಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಿ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಬೆಳಗಾವಿಯ ಕಡೆಯವರು ಮುಂಬೈಯ ಟಾಟಾ ಆಸ್ಪತ್ರೆಗೆ, ಕೋಲಾರದವರು ವೆಲ್ಲೂರಿಗೆ ಹೋಗುವುದುಂಟು. ಆದರೆ ಗಡಿ ದಾಟಿದರೆ ನಮ್ಮ ರಾಜ್ಯದ ಯೋಜನೆ ಅಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸದೆ ಹೊರಡಬೇಡಿ.

ನನ್ನ ಅಭಿಪ್ರಾಯ ಇಷ್ಟೇ: ಐವತ್ತು ಸಲ ಹೋಗಿ ಬರಲು ಸಾಧ್ಯವಿರುವ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ. ಒಂದು ಸಲ ಸಾಲ ಮಾಡಿ ಹೋಗಿ, ಎರಡನೇ ಸಲ ಹೋಗಲಾಗದ ಆಸ್ಪತ್ರೆಯ ಹೆಸರು ಎಷ್ಟು ದೊಡ್ಡದಿದ್ದರೇನು.

ಕಾಗದಪತ್ರ: ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿದೆಯೇ

ಮೊದಲು ನೋಡಬೇಕಾದದ್ದು ಇದನ್ನೇ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಎಷ್ಟೋ ಮನೆಗಳಲ್ಲಿ ತಂದೆ, ತಾಯಿ, ಅಜ್ಜಿಯ ಹೆಸರು ಕಾರ್ಡಿನಲ್ಲಿರುತ್ತದೆ, ಕೊನೆಯ ಮಗುವಿನದು ಇರುವುದಿಲ್ಲ. ಹುಟ್ಟಿದಾಗ ಸೇರಿಸಿರುವುದಿಲ್ಲ, ಆಮೇಲೆ ಮರೆತಿರುತ್ತಾರೆ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಇದು ಗೊತ್ತಾದರೆ ಒಬ್ಬರು ಊರಿಗೆ ಓಡಬೇಕು. ಜನನ ಪ್ರಮಾಣಪತ್ರ ಮತ್ತು ಆಧಾರ್ ಇಟ್ಟುಕೊಂಡು ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ಆಹಾರ ಶಾಖೆಯಲ್ಲಿ ಅಂದೇ ವಿಚಾರಿಸಿ. ಆಧಾರಿನಲ್ಲಿ ‘ಮಂಜುನಾಥ’, ಕಾರ್ಡಿನಲ್ಲಿ ‘ಮಂಜುನಾಥ ಕೆ’ ಎಂದಿದ್ದರೂ ತಕರಾರು ಬರುತ್ತದೆ.

ಊರಿನಿಂದ ಹೊರಡುವಾಗ ಚೀಲದಲ್ಲಿ ಇರಬೇಕಾದವು: ರೇಷನ್ ಕಾರ್ಡು, ಎಲ್ಲರ ಆಧಾರ್, ಮಗುವಿನ ಜನನ ಪತ್ರ, ನಾಡಕಚೇರಿಯ ಆದಾಯ ಮತ್ತು ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಇಲ್ಲಿಯವರೆಗಿನ ರಕ್ತಪರೀಕ್ಷೆಯ ಚೀಟಿಗಳು, ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ. ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಚಿಕಿತ್ಸೆ ಪಡೆಯಬೇಕಾದರೆ ತುರ್ತು ಪರಿಸ್ಥಿತಿ ಬಿಟ್ಟು ಉಳಿದಂತೆ ಆ ಪತ್ರ ಬೇಕೇ ಬೇಕು. ಎಲ್ಲದರದ್ದೂ ಹತ್ತು ಜೆರಾಕ್ಸ್. ಆಸ್ಪತ್ರೆಯ ಎದುರು ಒಂದು ಹಾಳೆಗೆ ಕೇಳುವ ದರ ನೋಡಿದರೆ ಊರಲ್ಲೇ ಏಕೆ ತೆಗೆಸಲಿಲ್ಲ ಎನಿಸುತ್ತದೆ.

ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ರ ಮೇಜು ಎಲ್ಲಿದೆ ಎಂದು ಕೇಳಿ. ಯೋಜನೆಯ ಕಡತ ನಡೆಸುವವರು ಅವರೇ. ಸಂಶಯವಿದ್ದರೆ 104ಕ್ಕೆ ಅಥವಾ 14555ಕ್ಕೆ ಕರೆ ಮಾಡಬಹುದು. ಪಕ್ಕದಲ್ಲೇ ಸಮಾಜ ಕಾರ್ಯಕರ್ತರು ಕೂರುತ್ತಾರೆ. ಯೋಜನೆಗೆ ಬಾರದ ಖರ್ಚಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಬಡ ರೋಗಿಗಳಿಗೆಂದು ಇರುವ ಕೇಂದ್ರ ಆರೋಗ್ಯ ಸಚಿವರ ಕ್ಯಾನ್ಸರ್ ನಿಧಿ ಇವುಗಳಿಗೆ ಅರ್ಜಿ ಬರೆಸಿಕೊಡುವವರು ಅವರು. ಮಕ್ಕಳ ಕ್ಯಾನ್ಸರಿಗಾಗಿಯೇ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಪರಿಚಯವೂ ಅವರಿಗಿರುತ್ತದೆ. ನಾವು ಸಂಕೋಚಪಟ್ಟು ಒಂದು ತಿಂಗಳು ಆ ಬಾಗಿಲು ತಟ್ಟಲಿಲ್ಲ. ಆ ತಿಂಗಳಲ್ಲಿ ಎರಡು ಹಸು ಮಾರಿದೆವು.

ಮೊದಲ ತಿಂಗಳು ಮತ್ತು ಅದರ ಮೋಸ

ವೈದ್ಯರು ರೋಗದ ಹೆಸರು ಹೇಳುವ ದಿನ ಏನೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಇಬ್ಬರು ಹೋಗಿ, ಒಬ್ಬರು ಬರೆದುಕೊಳ್ಳಿ. ಕೇಳಬೇಕಾದದ್ದು: ರೋಗದ ಪೂರ್ತಿ ಹೆಸರೇನು, ಗುಣವಾಗುವ ಸಾಧ್ಯತೆ ಎಷ್ಟು, ಒಟ್ಟು ಎಷ್ಟು ತಿಂಗಳ ಚಿಕಿತ್ಸೆ, ಅದರಲ್ಲಿ ಎಷ್ಟು ಕಾಲ ಊರು ಬಿಟ್ಟಿರಬೇಕು, ಯೋಜನೆಗೆ ಸೇರದ ಖರ್ಚು ಅಂದಾಜು ಎಷ್ಟು. ಈ ಕೊನೆಯ ಎರಡು ಪ್ರಶ್ನೆಗಳನ್ನು ಹಳ್ಳಿಯವರು ಕೇಳುವುದೇ ಇಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ. ಮೊದಲ ನಾಲ್ಕೈದು ವಾರ ಆಸ್ಪತ್ರೆಯಲ್ಲಿ ಅಥವಾ ಅದರ ಹತ್ತಿರ ಇರಬೇಕು. ಮುಂದಿನ ಆರೇಳು ತಿಂಗಳು ಆಗಾಗ ಸೂಜಿ, ಬೆನ್ನುಹುರಿಯ ಸುತ್ತಲಿನ ನೀರಿಗೆ ಇಂಜೆಕ್ಷನ್, ಕಿಮೋ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧ. ಆಮೇಲೆ ಮನೆಯಲ್ಲೇ ಮಾತ್ರೆ, ತಿಂಗಳಿಗೋ ಮೂರು ತಿಂಗಳಿಗೋ ಒಂದು ಭೇಟಿ. ಮೂತ್ರಪಿಂಡದ ಗಡ್ಡೆ, ಕಣ್ಣಿನ ಗಡ್ಡೆ, ದುಗ್ಧಗ್ರಂಥಿಯ ಕ್ಯಾನ್ಸರುಗಳದ್ದು ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕ ಲೆಕ್ಕ.

ಮೋಸ ಇರುವುದು ಮೊದಲ ತಿಂಗಳ ಕೊನೆಯಲ್ಲಿ. ‘ಮೂಳೆಯೊಳಗಿನ ಮಜ್ಜೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ’ ಎನ್ನುತ್ತಾರೆ ವೈದ್ಯರು. ಮನೆಯವರ ಕಿವಿಗೆ ಅದು ‘ಗುಣವಾಯಿತು’ ಎಂದು ಕೇಳಿಸುತ್ತದೆ. ಹೊಲದಲ್ಲಿ ಕಳೆ ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಹಸಿರು ಕಾಣದಿದ್ದರೂ ಗರಿಕೆಯ ಬೇರು ಮಣ್ಣಿನೊಳಗೆ ಇರುತ್ತದೆ. ಉಳಿದ ಎರಡು ವರ್ಷದ ಔಷಧ ಆ ಬೇರಿಗೆ. ಇದನ್ನು ತಾಯಿಗೊಬ್ಬಳಿಗೆ ಹೇಳಿದರೆ ಸಾಲದು. ಮನೆಯಲ್ಲಿ ಹಣದ ಮಾತು ಆಡುವ ಅಜ್ಜ, ದೊಡ್ಡಪ್ಪ ಯಾರಿದ್ದಾರೋ ಅವರನ್ನು ಒಂದು ಸಲ ಕರೆತಂದು ವೈದ್ಯರ ಬಾಯಿಂದಲೇ ಕೇಳಿಸಿ. ನಮ್ಮ ಮನೆಯಲ್ಲಿ ವಾದ ನಿಂತದ್ದು ಹಾಗೆ.

ಹೆಣ್ಣು ಮಗುವಾದರೆ ಈ ಮಾತು ಇನ್ನೂ ಮುಖ್ಯ. ನಮ್ಮ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಯಲ್ಲಿ ಹುಡುಗಿಯರು ಹುಡುಗರಿಗಿಂತ ತೀರ ಕಡಿಮೆ. ಕಾಯಿಲೆಯ ಗುಣ ಅಷ್ಟೊಂದು ವ್ಯತ್ಯಾಸವನ್ನು ಮಾಡುವುದಿಲ್ಲ. ಉಳಿದ ವ್ಯತ್ಯಾಸ ಮನೆಯ ಹೊಸಿಲಿನಲ್ಲೇ ಆಗುತ್ತದೆ.

ಇರುವುದು, ಬರುವುದು

ತಾಯಿ ಮಗುವಿನ ಜೊತೆ ಪಟ್ಟಣದಲ್ಲಿ, ತಂದೆ ಊರಲ್ಲಿ, ಉಳಿದ ಮಕ್ಕಳು ಅಜ್ಜಿಯ ಹತ್ತಿರ: ಹೆಚ್ಚಿನ ಮನೆಗಳು ಹೀಗೆ ಹರಿದು ಹಂಚಿಹೋಗುತ್ತವೆ. ಆಸ್ಪತ್ರೆಯ ಧರ್ಮಶಾಲೆಯಲ್ಲಿ ಜಾಗ ಸಿಗದಿದ್ದರೆ, ಕ್ಯಾನ್ಸರ್ ಇರುವ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಡುವ ಸಂಸ್ಥೆಗಳಿವೆಯೇ ಎಂದು ಸಮಾಜ ಕಾರ್ಯಕರ್ತರನ್ನು ಕೇಳಿ. ಮುಂಬೈ, ಹೈದರಾಬಾದ್, ವೆಲ್ಲೂರುಗಳಲ್ಲಿ ಸೇಂಟ್ ಜೂಡ್ ಸಂಸ್ಥೆಯ ಮನೆಗಳು ಇಂಥವೇ. ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗಿ ದಿನ ಕಳೆಯಬಹುದೆಂದು ಹೋಗಬೇಡಿ. ಕಿಮೋ ಹಾಕಿಸಿಕೊಂಡ ಮಗುವಿಗೆ ಸೊಳ್ಳೆ, ದೂಳು, ನೂರು ಜನರ ಕೆಮ್ಮು ಇರುವ ಜಾಗವೇ ಶತ್ರು.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ಬರೆಸಿಕೊಂಡು ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ತೆಗೆಸಬೇಕು. ಬಸ್ಸಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ, ಹೆಣ್ಣು ಮಗುವಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ರಕ್ತಕಣಗಳು ಇಳಿದಿರುವ ದಿನಗಳಲ್ಲಿ ಸಂತೆಯ ದಿನದ ಬಸ್ಸನ್ನು ಬಿಟ್ಟು, ಬೆಳಗಿನ ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಮುಖಕ್ಕೆ ಮಾಸ್ಕ್ ಹಾಕಿ.

ಹೊಲ, ಸಾಲ

ಮೂರು ವರ್ಷದ ಓಟಕ್ಕೆ ಮೊದಲ ತಿಂಗಳಲ್ಲೇ ಜಮೀನು ಮಾರಿದವರು ಎರಡನೇ ವರ್ಷ ಬಸ್ಸಿನ ಖರ್ಚಿಗೂ ಕೈಚಾಚಬೇಕಾಗುತ್ತದೆ. ಮಾರುವುದು ಕೊನೆಯ ಮಾತಾಗಿರಲಿ. ಒಂದು ವರ್ಷಕ್ಕೆ ಪಾಲಿಗೆ ಕೊಡಿ. ಹೆಚ್ಚು ಆರೈಕೆ ಕೇಳುವ ಬೆಳೆ ಬಿಟ್ಟು ರಾಗಿ, ಜೋಳ, ತೊಗರಿಯಂಥದ್ದನ್ನು ಹಾಕಿ. ನಮ್ಮ ಭಾವ ಮೊದಲ ವರ್ಷ ಮುಯ್ಯಾಳಿನಲ್ಲೇ ಶೇಂಗಾ ಕಿತ್ತರು. ತಿರುಗಿ ಮುಯ್ಯಿ ತೀರಿಸಲು ಎರಡು ವರ್ಷ ಹಿಡಿಯಿತು, ಯಾರೂ ಕೇಳಲಿಲ್ಲ.

ಖರ್ಚನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಔಷಧಕ್ಕಿಂತ ಊಟ, ಬಾಡಿಗೆ, ಪ್ರಯಾಣ, ಹೋದ ಕೂಲಿ ಇವೇ ಮನೆಯನ್ನು ಬಗ್ಗಿಸುವುದು ಎಂದು ಎರಡೇ ತಿಂಗಳಲ್ಲಿ ಗೊತ್ತಾಗುತ್ತದೆ. ಯಾವ ನೆರವು ಕೇಳಬೇಕೆಂಬುದೂ ಅದರಿಂದಲೇ ತಿಳಿಯುತ್ತದೆ. ಸ್ವಸಹಾಯ ಸಂಘದ ಕಂತನ್ನು ಕೆಲವು ತಿಂಗಳು ಮುಂದೂಡಲು ಮೊದಲೇ ಬರೆದುಕೊಡಿ. ಕಂತು ತಪ್ಪಿದ ಮೇಲೆ ಕೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಒಂದು ಸಲದ ಪ್ರಯಾಣಕ್ಕೆ ಬೇಕಾದಷ್ಟು ಹಣವನ್ನು ಬೇರೆ ಡಬ್ಬಿಯಲ್ಲಿಟ್ಟು ಬಿಡಿ. ಅದು ಜ್ವರದ ಹಣ. ಹಬ್ಬ ಬಂದರೂ ಮುಟ್ಟಬಾರದು.

ಜ್ವರ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ರೋಗ ತಡೆಯುವ ಬಿಳಿ ರಕ್ತಕಣಗಳನ್ನೂ ಕಿಮೋ ಕೊಲ್ಲುತ್ತದೆ. ಆ ಹೊತ್ತಿನಲ್ಲಿ ಬರುವ ಜ್ವರ ಬೇರೆ ಮಕ್ಕಳ ಜ್ವರದಂತಲ್ಲ. ರಾತ್ರಿ ಹತ್ತಕ್ಕೆ ಮೈ ಬೆಚ್ಚಗಾದ ಮಗು ಬೆಳಗಿನೊಳಗೆ ಕೈತಪ್ಪಬಹುದು.

ನೂರಿನ್ನೂರು ರೂಪಾಯಿಗೆ ಸಿಗುವ ಡಿಜಿಟಲ್ ಥರ್ಮಾಮೀಟರ್ ತಂದಿಡಿ. ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ. ಕಂಕುಳಲ್ಲಿಟ್ಟು ನೋಡಿ, ಗುದದಲ್ಲಿ ಎಂದೂ ಇಡಬೇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಆಸ್ಪತ್ರೆಗೆ ಫೋನು ಮಾಡಿ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ಕೇಳದೆ ಪ್ಯಾರಸಿಟಮಾಲ್ ಕೊಟ್ಟರೆ ಜ್ವರ ಇಳಿದಂತೆ ಕಾಣುತ್ತದೆ, ಒಳಗಿನ ಸೋಂಕು ಏರುತ್ತಿರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಅಂತೂ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಸೊಂಟಕ್ಕೆ, ತೋಳಿಗೆ ಸೂಜಿ ಹಾಕಿಸಬೇಡಿ. ಚಳಿ ಬಂದು ನಡುಗುವುದು, ಮಗು ಮಂಕಾಗಿ ಮಲಗುವುದು ಕಂಡರೆ ಜ್ವರ ಇಲ್ಲದಿದ್ದರೂ ಹೊರಡಬೇಕು.

ಎಲ್ಲಿಗೆ ಹೊರಡುವುದು? ಬೆಂಗಳೂರು ಇನ್ನೂರು, ನಾನೂರು ಕಿಲೋಮೀಟರ್. ಮಗುವಿಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಬೀಳಬೇಕು. ಅದಕ್ಕೇ ಮೊದಲ ಸಲ ಊರಿಗೆ ಬಿಡುವಾಗ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ: ಮಗುವಿನ ಹೆಸರು, ತೂಕ, ರೋಗ, ಕೊನೆಯ ಕಿಮೋ ದಿನಾಂಕ, ಜ್ವರ ಬಂದರೆ ಯಾವ ಪರೀಕ್ಷೆ, ಯಾವ ಔಷಧ, ಎಷ್ಟು ಪ್ರಮಾಣ, ಯಾರಿಗೆ ಫೋನು. ಅದನ್ನು ಹಿಡಿದು, ಮಗು ಚೆನ್ನಾಗಿರುವ ದಿನವೇ ಜಿಲ್ಲಾ ಆಸ್ಪತ್ರೆಯ ಅಥವಾ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಂಡು ಮಾತಾಡಿ ಬನ್ನಿ. ಒಂದು ಪ್ರತಿ ಅವರಿಗೆ, ಒಂದು ಆಶಾ ಕಾರ್ಯಕರ್ತೆಗೆ, ಒಂದು ಊರಿನಲ್ಲಿ ಕಾರು ಅಥವಾ ಆಟೋ ಇರುವವರಿಗೆ. ಮಧ್ಯರಾತ್ರಿ ಬಾಗಿಲು ಬಡಿದರೆ ಅವರಿಗೆ ಕಾರಣ ಕೇಳುವ ಕೆಲಸ ಇರಬಾರದು. 108ಕ್ಕೂ ಕರೆ ಮಾಡಿ, ಯಾವುದು ಮೊದಲು ಬರುತ್ತದೋ ಅದರಲ್ಲಿ ಹೋಗಿ. ನಮಗೆ ಈ ಪತ್ರ ಎರಡು ಸಲ ಕೆಲಸಕ್ಕೆ ಬಂತು. ಒಂದು ಸಲ ರಾತ್ರಿ ಪಾಳಿಯಲ್ಲಿದ್ದ ಎಳೆಯ ವೈದ್ಯೆ ಅದನ್ನು ಎರಡು ಸಲ ಓದಿದರು, ಆಮೇಲೆ ಯಾರನ್ನೂ ಕೇಳದೆ ಔಷಧ ಶುರುಮಾಡಿದರು.

ಊರಲ್ಲಿ ಯಾರ ಮನೆಯಲ್ಲಾದರೂ ‘ಅಮ್ಮ’ ಎದ್ದಿದ್ದರೆ, ಅಂದರೆ ಸೀತಾಳೆ ಸಿಡುಬು ಬಂದಿದ್ದರೆ, ನಿಮ್ಮ ಮಗು ಆ ಮಗುವಿನ ಜೊತೆ ಆಡಿದ್ದು ಗೊತ್ತಾದ ದಿನವೇ ಆಸ್ಪತ್ರೆಗೆ ತಿಳಿಸಿ. ಮೈಮೇಲೆ ಗುಳ್ಳೆ ಏಳುವ ಮುಂಚೆ ಕೊಡುವ ಔಷಧವಿದೆ. ಪೂಜೆ ಮಾಡುವುದಿದ್ದರೆ ಮಾಡಿ, ಫೋನು ಮಾಡಿದ ಮೇಲೆ. ದಡಾರದ ಸಂಪರ್ಕಕ್ಕೂ ಇದೇ ಮಾತು. ಪಲ್ಸ್ ಪೋಲಿಯೊ ದಿನ ಮನೆಬಾಗಿಲಿಗೆ ಬಂದವರಿಗೆ ಮಗು ಕಿಮೋದಲ್ಲಿದೆ ಎಂದು ಹೇಳಿ. ಅದಕ್ಕೆ ಹನಿ ಹಾಕಿಸುವಂತಿಲ್ಲ, ಒಡಹುಟ್ಟಿದವರಿಗೆ ಏನು ಮಾಡಬೇಕೆಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಮಾತ್ರೆ, ಊಟ, ಕೊಟ್ಟಿಗೆ

ಮನೆಯಲ್ಲಿ ಕೊಡುವ ಮಾತ್ರೆಗಳಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ದಿನಕ್ಕೊಮ್ಮೆ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ಈ ವಾರದ ಮಾತ್ರೆಯನ್ನು ತಪ್ಪಿ ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ತಂಗಿಯ ಕ್ಯಾಲೆಂಡರಿನ ಕೆಂಪು ಸುತ್ತು ಇದಕ್ಕಾಗಿಯೇ. ವಾರದ ಮಾತ್ರೆಯನ್ನು ಬೇರೆ ಬಣ್ಣದ ಡಬ್ಬಿಯಲ್ಲಿ, ಬೇರೆ ಕಡೆ ಇಡಿ. ಒಬ್ಬರೇ ಕೊಡಬೇಕು. ಅಜ್ಜಿಯೂ ಕೊಟ್ಟು ಅಮ್ಮನೂ ಕೊಟ್ಟು ಎರಡಾಗಬಾರದು. ಒಂದು ಸಲ ತಪ್ಪಿದರೆ ಮರುದಿನ ಎರಡು ಕೊಡಬೇಡಿ, ಫೋನು ಮಾಡಿ ಕೇಳಿ. ಕಿಮೋ ಆದ ಎರಡು ದಿನ ಮಗುವಿನ ಮೂತ್ರ, ವಾಂತಿ ಬಳಿಯುವಾಗ ಕೈಗವಸು ಹಾಕಿ. ಬಸುರಿ ಹೆಂಗಸರು ಆ ಕೆಲಸಕ್ಕೂ ಮಾತ್ರೆ ಮುಟ್ಟುವುದಕ್ಕೂ ಬರಬಾರದು. ಕೆಂಪು ಔಷಧ ಹಾಕಿದ ಮೇಲೆ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಔಷಧದ ಬಣ್ಣ.

ಊಟದ ನಿಯಮ ಒಂದೇ ವಾಕ್ಯದಲ್ಲಿ: ಮನೆಯಲ್ಲಿ ಬೇಯಿಸಿದ್ದು, ಬಿಸಿ ಇರುವಾಗಲೇ. ಮುದ್ದೆ, ರೊಟ್ಟಿ, ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ಕುದಿಸಿದ ಹಾಲು, ಕುದಿಸಿ ಆರಿಸಿದ ನೀರು. ಹಸಿ ಹಾಲು, ಹಸಿ ತರಕಾರಿ, ಕತ್ತರಿಸಿ ಮಾರುವ ಹಣ್ಣು, ಜಾತ್ರೆಯ ಮಂಡಕ್ಕಿ ಬೇಡ. ಸಿಪ್ಪೆ ಸುಲಿಯುವ ಬಾಳೆ, ಕಿತ್ತಳೆ ಆಗಬಹುದು. ಸ್ಟಿರಾಯ್ಡ್ ಕೊಡುವ ವಾರಗಳಲ್ಲಿ ಮಗುವಿಗೆ ನಡುರಾತ್ರಿ ಹಸಿವಾಗುತ್ತದೆ, ಸಿಟ್ಟು ಬರುತ್ತದೆ. ನಮ್ಮವನು ರಾತ್ರಿ ಎರಡು ಗಂಟೆಗೆ ಉಪ್ಪಿಟ್ಟು ಬೇಕೆಂದು ಹಟ ಹಿಡಿದು ಅತ್ತಿದ್ದಾನೆ. ಅದು ಔಷಧದ ಹಟ. ಬಯ್ಯಬೇಡಿ, ಉಪ್ಪು ಕಡಿಮೆ ಹಾಕಿ ಕೊಡಿ.

ಕೊಟ್ಟಿಗೆ, ತಿಪ್ಪೆ, ಹುಲ್ಲಿನ ಬಣವೆ, ಒಕ್ಕಣೆಯ ಕಣ, ಇವುಗಳಿಂದ ದೂರವಿಡಿ. ಒದ್ದೆ ಹುಲ್ಲಿನ ಬೂಷ್ಟು ಶ್ವಾಸಕೋಶಕ್ಕೆ ಸೇರಿದರೆ ಬಿಡಿಸುವುದು ಕಷ್ಟ. ಸೆಗಣಿ ಸಾರಿಸುವ ನೆಲವಾದರೆ ಮಗು ಮಲಗುವ ಕೋಣೆಯನ್ನಾದರೂ ಅದರಿಂದ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಾಟಿ ಔಷಧ, ಪರಂಗಿ ಎಲೆಯ ರಸ ತಂದುಕೊಡುವವರು ಬಂದೇ ಬರುತ್ತಾರೆ. ಕೆಲವು ಬೇರು, ಭಸ್ಮಗಳು ಕಿಮೋ ಜೊತೆ ಸೇರಿ ಯಕೃತ್ತನ್ನು ಕೆಡಿಸುತ್ತವೆ. ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಅವರು ಬೈದರೂ ಪರವಾಗಿಲ್ಲ.

ರಕ್ತ

ಮೊದಲ ತಿಂಗಳುಗಳಲ್ಲಿ ರಕ್ತ, ಪ್ಲೇಟ್‌ಲೆಟ್ ಬೇಕಾಗುತ್ತದೆ. ಪ್ಲೇಟ್‌ಲೆಟ್ ಐದೇ ದಿನ ಇರುತ್ತದೆ, ಒಂದೇ ಸಲ ಬಸ್ಸು ತುಂಬ ಜನರನ್ನು ಕರೆತಂದು ಪ್ರಯೋಜನವಿಲ್ಲ. 18 ವರ್ಷ ದಾಟಿದ, 45 ಕಿಲೋಗಿಂತ ಹೆಚ್ಚು ತೂಕದ ಹದಿನೈದಿಪ್ಪತ್ತು ಜನರ ಹೆಸರು, ಗುಂಪು, ಫೋನು ಬರೆದಿಟ್ಟುಕೊಂಡು ಸರದಿಯಲ್ಲಿ ಕರೆಸಿ. ಬೆಂಗಳೂರಿನಲ್ಲಿ ದುಡಿಯುವ ಊರಿನ ಹುಡುಗರೇ ಇದಕ್ಕೆ ಒದಗುವವರು. ಉಪವಾಸದಲ್ಲಿ ಬರಬಾರದು, ಊಟ ಮಾಡಿ ಬರಲಿ.

ಊರಿನ ಬಾಯಿ, ಮಗುವಿನ ಕಿವಿ

ಕ್ಯಾನ್ಸರ್ ಅಂಟುವುದಿಲ್ಲ. ಬಸುರಿನಲ್ಲಿ ತಾಯಿ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ ಬರುವುದಿಲ್ಲ. ಬಹುಪಾಲು ಮಕ್ಕಳಲ್ಲಿ ವಂಶದಿಂದಲೂ ಬಂದಿರುವುದಿಲ್ಲ. ಇದನ್ನು ಗಂಡನ ಮನೆಯ ಪಡಸಾಲೆಯಲ್ಲಿ, ತಾಯಿಯ ಎದುರೇ, ಗಂಡಸೊಬ್ಬ ಎದ್ದು ಹೇಳಬೇಕು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಒಬ್ಬಳೇ ಕೂತು ಬಂದವಳಿಗೆ ಅದಕ್ಕಿಂತ ದೊಡ್ಡ ಔಷಧವಿಲ್ಲ.

ಮಗುವಿಗೆ ಸುಳ್ಳು ಹೇಳಬೇಡಿ. ‘ಸೂಜಿ ನೋಯುವುದಿಲ್ಲ’ ಎಂದರೆ ಎರಡನೇ ಸಲ ನಂಬುವುದಿಲ್ಲ. ‘ನೋಯುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ, ನಾನು ಕೈ ಹಿಡಿದಿರುತ್ತೇನೆ’ ಎನ್ನಿ. ಕೂದಲು ಉದುರುವುದನ್ನು ಮುಂಚೆಯೇ ತಿಳಿಸಿ, ಮತ್ತೆ ಬರುತ್ತದೆ ಎಂದೂ ಹೇಳಿ. ನಮ್ಮವನು ಕೇಳಿದವರಿಗೆಲ್ಲ ತಾನೇ ‘ಮುಡಿ ಕೊಟ್ಟಿದ್ದೇನೆ’ ಎನ್ನುತ್ತಿದ್ದ. ಅಜ್ಜಿಯ ಹತ್ತಿರ ಬಿಟ್ಟುಬಂದ ಅಕ್ಕನನ್ನು ಮರೆಯಬೇಡಿ. ಎರಡು ತಿಂಗಳಾದ ಮೇಲೆ ಅವಳು ‘ನನಗೂ ಜ್ವರ ಬಂದಿದೆ’ ಎಂದು ಫೋನಿನಲ್ಲಿ ಹೇಳಿದಳು, ಬಂದಿರಲಿಲ್ಲ. ಅಂದಿನಿಂದ ದಿನವೂ ರಾತ್ರಿ ಎಂಟಕ್ಕೆ ಅವಳೊಬ್ಬಳಿಗೇ ಕರೆ.

ಮನೆಯ ಮಾತ್ರೆಯ ಹಂತಕ್ಕೆ ಬಂದ ಹೆಚ್ಚಿನ ಮಕ್ಕಳು ಶಾಲೆಗೆ ಹೋಗಬಹುದು, ವೈದ್ಯರು ಒಪ್ಪಿದ ಮೇಲೆ. ಅದಕ್ಕೂ ಮುಂಚೆ ಮುಖ್ಯೋಪಾಧ್ಯಾಯರಿಗೆ ಪತ್ರ ತೋರಿಸಿ, ಹೆಸರು ತೆಗೆಯದಂತೆ ಕೇಳಿ. ತರಗತಿಯಲ್ಲಿ ಯಾರಿಗಾದರೂ ಗುಳ್ಳೆ ಎದ್ದರೆ ನಿಮಗೆ ತಿಳಿಸಬೇಕೆಂದು ಶಿಕ್ಷಕರಿಗೆ ಹೇಳಿಡಿ.

ಗುಣವಾಗುವುದಿಲ್ಲ ಎಂದರೆ

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಕಾಯಿಲೆ ಮರಳಿ ಬಂದು, ವೈದ್ಯರು ಇನ್ನು ಔಷಧವಿಲ್ಲ ಎಂದಾಗ ಇನ್ನೊಂದು ದೊಡ್ಡ ಆಸ್ಪತ್ರೆ ಎಂದು ಉಳಿದ ಜಮೀನನ್ನೂ ಮಾರುವ ಮುಂಚೆ ನೋವು ಶಮನದ ವಿಭಾಗಕ್ಕೆ ಹೋಗಿ. ಬಾಯಿಯಿಂದ ಕೊಡುವ ಮಾರ್ಫಿನ್ ಮಕ್ಕಳಿಗೂ ಕೊಡುತ್ತಾರೆ, ವೈದ್ಯರ ಅಳತೆಯಲ್ಲಿ ಕೊಟ್ಟರೆ ನೋವಿಲ್ಲದೆ ಮನೆಯಲ್ಲೇ ಇರಬಹುದು. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಆರೈಕೆ ಉಚಿತ.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ಮಾತ್ರೆ ನುಂಗಿದ ದಿನ ಹೋಳಿಗೆ ಊಟ ಹಾಕಿಸಿ, ತಪ್ಪಿಲ್ಲ. ಆದರೆ ಮೊದಲ ಎರಡು ಮೂರು ವರ್ಷಗಳಲ್ಲೇ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ತಪಾಸಣೆಯ ದಿನಾಂಕಗಳು ಹೊಸ ಕ್ಯಾಲೆಂಡರಿಗೂ ಏರಲಿ. ತಪ್ಪಿದ ಲಸಿಕೆಗಳನ್ನು ಸುಮಾರು ಆರು ತಿಂಗಳ ಮೇಲೆ ಮತ್ತೆ ಹಾಕಿಸಬೇಕಾಗುತ್ತದೆ, ಕೇಳಿ.

ಮತ್ತು ಚಿಕಿತ್ಸೆಯ ಸಾರಾಂಶ ಪತ್ರ ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ. ಯಾವ ಔಷಧ, ಒಟ್ಟು ಎಷ್ಟು, ವಿಕಿರಣ ಕೊಟ್ಟಿದ್ದರೆ ಎಲ್ಲಿಗೆ ಎಂಬುದೆಲ್ಲ ಅದರಲ್ಲಿರಬೇಕು. ಕೆಲವು ಔಷಧಗಳು ಹೃದಯದ ಮೇಲೆ ಮಾಡಿದ ಪರಿಣಾಮ ವರ್ಷಗಳ ಮೇಲೆ ಕಾಣಿಸಿಕೊಳ್ಳಬಹುದು. ಹುಡುಗ ದೊಡ್ಡವನಾಗಿ, ಇನ್ನೊಂದು ಊರಿನಲ್ಲಿ ಇನ್ನೊಬ್ಬ ವೈದ್ಯರ ಮುಂದೆ ಕೂತಾಗ ‘ಚಿಕ್ಕಂದಿನಲ್ಲಿ ಏನೋ ರಕ್ತದ ಕಾಯಿಲೆ ಆಗಿತ್ತಂತೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ತಂಗಿ ಆ ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ ಪಹಣಿ, ಮದುವೆಯ ಸೀರೆಗಳ ಜೊತೆ ಟ್ರಂಕಿನಲ್ಲಿಟ್ಟಿದ್ದಾಳೆ. ಹಳೆಯ ಕ್ಯಾಲೆಂಡರುಗಳೂ ಅಲ್ಲೇ ಇವೆ.